ಮಾಣಿಕಪ್ಪನವರ ಮೂರು ಕೂಗು

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಮಾಣಿಕಪ್ಪನವರು ಚಪ್ಪಲಿ ಬಿಡುತ್ತಿದ್ದರು, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಆಮೇಲೆ ಬಲಗೈಯನ್ನು ಬಾಯಿಯ ಮಗ್ಗುಲಿಗೆ ಹಿಡಿದು ಹಾರ್ಡ್‌ಡಿಸ್ಕನ್ನು ಹೆಸರು ಹಿಡಿದು ಕೂಗುತ್ತಿದ್ದರು.

“ಎಸ್‌ಡಿಎ ಹಾಜಿರ್ ಹೈ?”

ಎಸ್‌ಡಿಎ ಎಂಬುದು ಯಂತ್ರ ತನ್ನ ಮೊದಲ ಡಿಸ್ಕಿಗೆ ತಾನೇ ಇಟ್ಟುಕೊಳ್ಳುವ ಹೆಸರು. ನಾಮಕರಣದ ಊಟ ಹಾಕಿಸದೆ ಇಟ್ಟ ಹೆಸರಾದರೂ ಅದಕ್ಕೂ ಒಂದು ಮರ್ಯಾದೆ ಇದೆ ಎಂಬುದು ಅವರ ನಿಲುವು. ಕೂಗು ಎಂಥದೆಂದರೆ, ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಮ್ಮ ರಿಪೇರಿ ಅಂಗಡಿಯಲ್ಲಿ ಅವರು ಬಾಯಿ ತೆರೆದರೆ, ಬೀದರ ಬಸ್ಸಿಗೆ ಕಾಯುತ್ತಿದ್ದವರು ಕಂಡಕ್ಟರ್ ಕರೆದನೆಂದು ಗಂಟು ಎತ್ತಿಕೊಂಡು ಓಡಿಬರುತ್ತಿದ್ದರು.

ಈ ಕೂಗು ಅವರಿಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ. ತಂದೆ ಕೋರ್ಟಿನ ಬಾಗಿಲಲ್ಲಿ ನಿಂತು ಪಕ್ಷಗಾರರನ್ನು ಕರೆಯುವ ಜವಾನರಾಗಿದ್ದರು. ಮೂರು ಸಲ ಕೂಗುವುದು. ಮೂರನೆಯದಕ್ಕೂ ಓಗೊಡದಿದ್ದರೆ ‘ಗೈರುಹಾಜರ್’ ಎಂದು ಬರೆದು ಮುಂದಿನ ಕೇಸಿಗೆ ಹೋಗುವುದು. ಮಗ ಆ ಪದ್ಧತಿಯನ್ನು ಚಾಚೂ ತಪ್ಪದೆ ಡಿಸ್ಕುಗಳಿಗೆ ಅನ್ವಯಿಸಿದರು. ಮೂರನೇ ಕೂಗಿನ ಜೊತೆಗೇ ಎಂಟರ್ ಗುಂಡಿ ಒತ್ತುವರು. ಡಿಸ್ಕಿನ ಹಸಿರು ದೀಪ ಮಿನುಗಿದರೆ, “ಹಾಜಿರ್ ಆತು, ಬರ್ಕೋ ಮುನ್ಶಿ” ಎನ್ನುವರು. ಮಿನುಗದಿದ್ದರೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಗೈರ್‌ಹಾಜರ್” ಎನ್ನುವರು. ಮುನ್ಶಿ ಎಂದರೆ ನಾನು. ಅಂಗಡಿಯ ರಿಪೋರ್ಟು ಬರೆಯುವ ಗುಮಾಸ್ತನಾಗಿ ಸೇರಿದವನು, ಅವರ ಕೈಕೆಳಗೆ ನ್ಯಾಯಾಂಗ ಇಲಾಖೆಗೆ ಬಡ್ತಿ ಪಡೆದೆ.

ಮೌಸ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾರ ಮೇಜಿಗೆ ಹೋದರೂ ಮೊದಲು ಅದನ್ನು ಅಂಗಾತ ಮಲಗಿಸಿ ಕರವಸ್ತ್ರ ಹೊದಿಸುವರು. “ಬೆರಳ್ ತೋರ್ಸಿ ಮಾತಾಡೋದು ಬೇಅದಬಿ. ಕರೇ ಪರದಾ ತೆರಿ, ಅಕ್ಷರ್ ಹಚ್ಚಿ ಸರಿಯಾಗಿ ಕೇಳು” ಎನ್ನುವರು. ಕರೇ ಪರದೆ ಎಂದರೆ ಚಿತ್ರಗಳಿಲ್ಲದೆ ಬರೀ ಅಕ್ಷರದಲ್ಲಿ ಆಜ್ಞೆ ಕೊಡುವ ಪರದೆ.

ದೊಡ್ಡ ಯಂತ್ರಗಳ ಡಿಸ್ಕುಗಳು ತಮ್ಮ ಕಷ್ಟವನ್ನು ತಾವೇ ದಾಖಲು ಮಾಡಿಕೊಳ್ಳುತ್ತವೆ: ಓದುವಾಗ ಎಷ್ಟು ಸಲ ಎಡವಿದೆ, ಬರೆದದ್ದನ್ನು ಎಷ್ಟು ಸಲ ತಿರುಗಿ ಬರೆದೆ, ಎಷ್ಟು ಬಿಸಿಯೇರಿದೆ. ಒಂದು ಸಾಲಿನ ಆಜ್ಞೆ ಕೊಟ್ಟರೆ ಅದೆಲ್ಲ ಪರದೆಯ ಮೇಲೆ ಇಳಿಯುತ್ತದೆ. ಅದೇ ಆಜ್ಞೆಗೆ ಇನ್ನೊಂದು ಅಕ್ಷರ ಸೇರಿಸಿದರೆ ಲೆಕ್ಕವೆಲ್ಲ ಸೊನ್ನೆ. ಈ ದಾಖಲೆಗೆ ಮಾಣಿಕಪ್ಪನವರು ಇಟ್ಟ ಹೆಸರು ‘ಜಬಾನಿ’, ಎಂದರೆ ಸಾಕ್ಷಿಯ ಬಾಯಿಹೇಳಿಕೆ. ಅವರ ಸಂವಿಧಾನಕ್ಕೆ ಒಂದೇ ಕಲಮು: ಕೇಳದೆ ಅಳಿಸಬಾರದು. ಸೊನ್ನೆ ಮಾಡುವ ಮೊದಲು ಜಬಾನಿಯನ್ನು ಸಂಬಂಧಪಟ್ಟವರೆಲ್ಲರ ಎದುರು ಗಟ್ಟಿಯಾಗಿ ಓದಬೇಕು. ಅವರು ಎದ್ದು ನಿಂತು ಕೇಳಬೇಕು. “ಅದು ಇಷ್ಟ್ ದಿನ ಒಳಗೇ ಕೂತು ಅತ್ತದ. ಒಮ್ಮಿ ಕೇಳ್ರಿ, ಆಮ್ಯಾಲ ಒರ್ಸೋಣು.”

ನಾರಾಯಣಖೇಡದ ಶಾಲೆಯೊಂದರ ಮ್ಯಾನೇಜರು ಇದಕ್ಕೆ ಸಿಕ್ಕಿಬಿದ್ದರು. ಹಳೆಯ ಯಂತ್ರವನ್ನು ಒಬ್ಬ ಬಟ್ಟೆ ವ್ಯಾಪಾರಿಗೆ ಮಾರಬೇಕಾಗಿತ್ತು.

“ಅವ ಬರೋದ್ರಾಗ ಎಲ್ಲಾ ಸೊನ್ನಿ ಮಾಡಿಬಿಡ್ರಿ, ಹೊಸಾದ್ರಾಂಗ ಕಾಣಲಿ” ಎಂದರು.

“ಆಗಂಗಿಲ್ರೀ. ಎರಡೂ ಕಡೀಯವ್ರು ಹಾಜಿರ್ ಆಗ್ಬೇಕು.”

ವ್ಯಾಪಾರಿ ಬಂದ. ಮಾಣಿಕಪ್ಪನವರು ಮ್ಯಾನೇಜರಿಗೆ ತೆಲುಗಿನಲ್ಲಿ, ವ್ಯಾಪಾರಿಗೆ ದಖ್ಖನಿ ಉರ್ದುವಿನಲ್ಲಿ, ನನಗೆ ಕನ್ನಡದಲ್ಲಿ ಜಬಾನಿ ಓದಿದರು. ಮೂವರಿಗೂ ಮೂರೂ ಭಾಷೆ ಬರುತ್ತಿತ್ತೆಂಬುದು ಕಲಾಪಕ್ಕೆ ಅಡ್ಡಿಯಾಗಲಿಲ್ಲ. ಮ್ಯಾನೇಜರು ಬೆವರಿದರು. ಆದರೆ ಬಿಸಿಯ ಲೆಕ್ಕ ಬಂದಾಗ ವ್ಯಾಪಾರಿ ಯಂತ್ರದ ಮೈ ಸವರಿದ. “ಇಷ್ಟು ಧಗಿಯೊಳಗ ಮಕ್ಕಳ ಮಾರ್ಕ್ಸ್ ಹೊತ್ಕೊಂಡು ಕೂತಿತ್ತೇನ್ರಿ ಪಾಪ!” ಎಂದು ಆಡಿದ ಬೆಲೆಗೇ ಕೊಂಡ. ಮುಂದಿನ ತಿಂಗಳು ಅವನ ಅಂಗಡಿಗೆ ಹೋದರೆ, ಗಿರಾಕಿಗಳ ಕಡೆಗಿದ್ದ ಫ್ಯಾನು ಯಂತ್ರದ ಕಡೆಗೆ ತಿರುಗಿತ್ತು. ಗಿರಾಕಿಗಳು ಸೀರೆಯ ಪೆಟ್ಟಿಗೆಯ ಮುಚ್ಚಳದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಆದರೆ ಮಾಣಿಕಪ್ಪನವರ ಕೀರ್ತಿ ಸುತ್ತಲ ಊರುಗಳಿಗೆಲ್ಲ ಹಬ್ಬಿದ್ದು ತಾಂಡೂರಿನ ಕೇಸಿನಿಂದ. ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಕಾವೇರಿದ ದಿನಗಳು. ಇವತ್ತು ರಸ್ತೆ ರೋಕೋ, ನಾಳೆ ರೈಲು ರೋಕೋ, ನಾಡಿದ್ದು ಎರಡೂ. ಅಂಥದರಲ್ಲಿ ಬಸಿರೆಡ್ಡಿ ಸಾವ್ಕಾರರ ಫೋನು ಬಂತು. ತಾಂಡೂರಿನ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ಅವರದು. ಹೈದರಾಬಾದಿನ ಹರಾಜಿನಲ್ಲಿ ಹಿಡಿದು ತಂದ ಅವರ ಭಾರಿ ಸರ್ವರ್ ಬಿಲ್ಲು ಬರೆಯುತ್ತ ಬರೆಯುತ್ತ ನಡುವೆಯೇ ಗರ ಬಡಿದಂತೆ ನಿಲ್ಲುತ್ತದೆ, ಬಿಲ್ಲು ಮಾಯವಾಗುತ್ತದೆ.

ನಾವು ಹೋಗುವಷ್ಟರಲ್ಲಿ ಸಾವ್ಕಾರರು ತೀರ್ಪನ್ನೂ ಬರೆದಾಗಿತ್ತು. ಅಪರಾಧಿ, ಕಂಪ್ಯೂಟರ್ ಆಪರೇಟರ್ ರತ್ನಮ್ಮ.

“ಮಿರ್ಚಿ ಭಜಿ ತಿಂದು ಅದೇ ಎಣ್ಣಿ ಕೈಲೆ ಒತ್ತತಾಳ್ರೀ! ಎಣ್ಣಿ ಒಳಗ ಇಳ್ದದ. ಸೋಮವಾರದಿಂದ ಬರಬ್ಯಾಡ ಅಂದೀನಿ.”

ರತ್ನಮ್ಮ ಯಾಲಾಲ್ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತಂದವಳು ಅವಳೊಬ್ಬಳೇ. ಮೂಲೆಯಲ್ಲಿ ನಿಂತು, ಅಳುವುದೋ ಬೈಯುವುದೋ ತೀರ್ಮಾನವಾಗದ ಮುಖದಲ್ಲಿ ಹೇಳಿದಳು: “ಕಾಕಾ, ಭಜಿ ತಿಂದಿದ್ದು ಖರೆ. ಕೈ ಒರ್ಸಿಕೊಂಡಿದ್ದೂ ಖರೆ. ಇಲ್ಲಿ ಕೆಲಸ ಹೋತು ಅಂದ್ರ ಕುರಿ ಹಿಂದ ಹೋಗ್ಬೇಕು. ನಮ್ಮಪ್ಪ ಆಗ್ಲೇ ಕೋಲ್ ಕೆತ್ತಾಕ ಕುಂತಾನ.”

“ಕೋಲ್ ಕೆತ್ತೋದು ಸದ್ಯ ನಿಲ್ಸು ಅಂತ ಹೇಳು. ಕೇಸ್ ನಡದದ” ಎಂದರು ಮಾಣಿಕಪ್ಪನವರು.

ಚಪ್ಪಲಿ ಬಿಟ್ಟರು. ಗುಂಡಿ ಹಾಕಿಕೊಂಡರು. ಮೂರು ಕೂಗು. ಹಸಿರು ದೀಪ ಮಿನುಗಿತು. ಸಾವ್ಕಾರರನ್ನೂ ರತ್ನಮ್ಮನನ್ನೂ ಎದ್ದು ನಿಲ್ಲಿಸಿ ಜಬಾನಿ ಓದಿದರು. ಓದುವುದರಲ್ಲಿ ತಪ್ಪಿಲ್ಲ, ಬಿಸಿ ಹದವಾಗಿದೆ. ಬರೆಯುವಾಗ ಎಡವಿದ್ದು ಮಾತ್ರ ರಾಶಿ ರಾಶಿ.

“ನೋಡ್ರಿ ಮತ್ತ! ಬರೆಯಾಕಿ ಯಾರು? ಈಕಿನೇ!” ಎಂದರು ಸಾವ್ಕಾರರು ತೊಡೆ ತಟ್ಟಿ.

“ಈಕಿ ಬರೀ ಗುಂಡಿ ಒತ್ತತಾಳ. ಬರೆಯಾದು ಒಳಗ ಡಿಸ್ಕು. ಅದಕ್ಕ ಯಾರೋ ಬರ್ಯಾಕ ಕೊಡವಲ್ರು. ಯಾರು ಅನ್ನೋದು ನೋಡ್ಬೇಕು.” ಹೀಗೆಂದು ಎಲ್ಲರ ಸಮಕ್ಷಮ ಲೆಕ್ಕವನ್ನು ಸೊನ್ನೆ ಮಾಡಿ, ಮರುದಿನಕ್ಕೆ ವಾಯಿದೆ ಹಾಕಿದರು.

ಮರುದಿನ ಬಂದ್. ಬಸ್ಸಿಲ್ಲ, ರೈಲಿಲ್ಲ, ನಾವು ತಾಂಡೂರಿನಲ್ಲೇ ಸೆರೆ. ಹೋರಾಟದವರು ರಸ್ತೆಯ ನಡುವೆಯೇ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ಕಾರ್ಖಾನೆಯ ಶಟರ್ ಎತ್ತುವಂತಿಲ್ಲ. ಮಾಣಿಕಪ್ಪನವರು ಧರಣಿಯ ಡೇರೆಗೆ ಹೋಗಿ, “ಕೆಲಸ ಮಾಡಾಕ ಅಲ್ರೀ, ತನಿಖಿ ಅದ” ಎಂದು ಬಿನ್ನವಿಸಿದರು. ಅಲ್ಲಿ ಅವರದೇ ಸಂಕಟ: ಮೈಕು ಕೆಟ್ಟಿತ್ತು. ಒಪ್ಪಂದವಾಯಿತು. ಮಾಣಿಕಪ್ಪನವರು ಕೈಯನ್ನು ಬಾಯಿಯ ಮಗ್ಗುಲಿಗೆ ಹಿಡಿದು “ಜೈ ತೆಲಂಗಾಣ!” ಎಂದು ಮೂರು ಸಲ ಕೂಗಿದರು. ಸಾವ್ಕಾರರ ಆಣೆಯಾಗಿ ಹೇಳುತ್ತೇನೆ, ಮೂರನೆಯದಕ್ಕೆ ರೈಲು ಸ್ಟೇಷನ್ನಿನ ಪಾರಿವಾಳಗಳೆಲ್ಲ ಎದ್ದವು. ಡೇರೆಯವರು ಖುಷಿಯಾಗಿ ಶಟರನ್ನು ಅರ್ಧ ಎತ್ತಲು ಬಿಟ್ಟರು, ಊಟಕ್ಕೂ ಕೂರಿಸಿದರು.

ರತ್ನಮ್ಮ ಅಣ್ಣನ ಗಾಡಿಯಲ್ಲಿ ಬಂದಳು. ಮಾಣಿಕಪ್ಪನವರು ಒಂದು ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟರು. ಬಿಸಿ ಮಿರ್ಚಿ ಭಜಿ.

“ತಿನ್ನು. ಕೈ ಒರ್ಸಬ್ಯಾಡ. ಬಿಲ್ ಒತ್ತು.”

“ಕಾಕಾ!”

“ಕೋರ್ಟಿನ ಹುಕುಮ್ ಅದ.”

ಹುಡುಗಿ ಸಂಜೆಯ ತನಕ ತಿಂದಳು, ಒತ್ತಿದಳು, ಒತ್ತಿದಳು, ತಿಂದಳು. ಕೀಲಿಮಣೆ ಬಾಣಲೆಯಂತೆ ಮಿಂಚುತ್ತಿತ್ತು. ಸಂಜೆ ಮೂರು ಕೂಗು ಹಾಕಿ ಜಬಾನಿ ತೆಗೆದರೆ, ತಪ್ಪು ಸೊನ್ನೆ. ಒಂದೇ ಒಂದು ಎಡವಿಲ್ಲ.

ಬಂದ್ ಮುಗಿದ ಮರುದಿನ ಕಾರ್ಖಾನೆ ಗುಡುಗತೊಡಗಿತು. ಅಂದು ರತ್ನಮ್ಮನನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿ, ಸಾವ್ಕಾರರ ಕೈ ಸಾಬೂನಿನಿಂದ ತೊಳೆಸಿ, ಅವರನ್ನೇ ಕೀಲಿಮಣೆಯ ಮುಂದೆ ಕೂರಿಸಲಾಯಿತು. ಸಾವ್ಕಾರರು ಎರಡು ಬೆರಳಿನಿಂದ ಒಂದು ಬಿಲ್ಲು ಬರೆಯುವಷ್ಟರಲ್ಲಿ ಯಂತ್ರ ಗರ ಬಡಿದು ನಿಂತಿತು. ಜಬಾನಿಯಲ್ಲಿ ತಪ್ಪುಗಳ ಸುರಿಮಳೆ.

ಸಾವ್ಕಾರರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಅವರ ಮುಖದಲ್ಲಿ ಜ್ಞಾನೋದಯವಾಯಿತು.

“ಮಾಣಿಕಪ್ಪಾ! ಬಂದ್ ಇದ್ದ ದಿನ ಶಾಂತ. ಕೆಲಸ ಇದ್ದ ದಿನ ತಕರಾರು. ಈ ಡಿಸ್ಕು ನಮ್ಮ ತೆಲಂಗಾಣದ್ದೇ ಅದನೋ!”

ಸುದ್ದಿ ಹೊರಗೆ ಹೋಯಿತು. ಪಾಲಿಶಿನ ಕೂಲಿಯವರು ಬಿಳಿ ಧೂಳು ಮೆತ್ತಿದ ಮೈಯಲ್ಲೇ ಒಳಗೆ ಬಂದರು. ಒಬ್ಬ ಡಿಸ್ಕಿಗೆ ಕುಂಕುಮ ಹಚ್ಚಿದ. ಇನ್ನೊಬ್ಬ, ಇಂಥ ಹೋರಾಟಗಾರನಿಂದ ಬಿಲ್ಲು ಬರೆಸುವುದು ಸರಿಯೇ ಎಂದು ಕೇಳಿದ. ಸಾವ್ಕಾರರು ಅದನ್ನು ಧರಣಿಯ ಡೇರೆಯಲ್ಲಿ ಒಂದು ದಿನ ಕೂರಿಸುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಮಾಣಿಕಪ್ಪನವರು ಒಂದು ಗ್ಲಾಸು ನೀರು ತರಿಸಿ ಸರ್ವರಿನ ಮಗ್ಗುಲಲ್ಲಿ ಇಟ್ಟರು. ಎಲ್ಲರೂ ಬಗ್ಗಿ ನೋಡಿದರು. ನೀರು ಥರಥರ ನಡುಗುತ್ತಿತ್ತು.

“ಆ ಮಶೀನ್ ಬಂದ್ ಮಾಡ್ಸ್ರಿ.”

ಮಶೀನು ನಿಂತಿತು. ನೀರೂ ನಿಂತಿತು.

ಸರ್ವರ್ ಕೂತಿದ್ದದ್ದು ಗೋಡೆಗೆ ಹುಗಿದು ಮಾಡಿಸಿದ ಕಲ್ಲಿನ ಹಲಗೆಯ ಮೇಲೆ. ಸಾವ್ಕಾರರು ತಮ್ಮ ಗಣಿಯಲ್ಲೇ ಅತ್ಯುತ್ತಮವಾದ ಕಲ್ಲನ್ನು ಆರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿಸಿ, ಬಂದವರಿಗೆಲ್ಲ ಸವರಿ ನೋಡಲು ಹೇಳುತ್ತಿದ್ದ ಹಲಗೆ. ಅದೇ ಗೋಡೆಯ ಆಚೆ ಬದಿಗೆ ಪಾಲಿಶ್ ಮಶೀನು. ಅದು ಗುಡುಗಿದರೆ ಗೋಡೆ ನಡುಗುತ್ತದೆ, ಗೋಡೆ ನಡುಗಿದರೆ ಹಲಗೆ, ಹಲಗೆ ನಡುಗಿದರೆ ಡಿಸ್ಕಿನೊಳಗೆ ಬರೆಯುವ ಸೂಜಿ ದಾರಿ ತಪ್ಪುತ್ತದೆ.

ಮಾಣಿಕಪ್ಪನವರು ಎದ್ದು ನಿಂತು ತೀರ್ಪು ಓದಿದರು: “ರತ್ನಮ್ಮ ಬೇಗುನಾ ಅದಾಳ. ಭಜಿ ಬೇಗುನಾ ಅದ. ಗುನ್ಹೆಗಾರ ಈ ಕಲ್ಲು. ಡಿಸ್ಕಿಗೆ ಎದುರಿನ ಮೂಲ್ಯಾಗ, ತೊಗರಿ ಚೀಲ ಮಡಚಿ ಹಾಕಿದ ಕಟಗಿ ಮೇಜಿನ ಮ್ಯಾಲ ಬದ್ಲಿ ಆಗ್ಯಾದ.”

ಸಾವ್ಕಾರರು ಹಲಗೆಯನ್ನೊಮ್ಮೆ ಸವರಿದರು. ಮಗನಿಗೆ ಶಿಕ್ಷೆಯಾದ ತಂದೆಯ ಮುಖ. “ಏನ್ ಚಂದ್ ಕಲ್ಲಿತ್ತೋ...” ಎಂದು ನಿಟ್ಟುಸಿರು ಬಿಟ್ಟು ಬೇವಿನ ಮರದ ಕಡೆ ತಿರುಗಿದರು. “ಏ ರತ್ನಾ, ಒಳಗ ಬಾ. ನಾ ಬರ್ದಿದ್ ಬಿಲ್ ತಪ್ಪ್ಯಾದ, ಸರಿ ಮಾಡು. ಭಜಿ ತಿಂದ್ರ ನನಗೂ ಎರಡ್ ತರ್ಸು.”

ಅಲ್ಲಿಂದ ರತ್ನಮ್ಮ ತಾನೇ ಕರೇ ಪರದೆ ಕಲಿತಳು. ಅವಳ ಅಪ್ಪ ಕೆತ್ತಿದ ಕೋಲನ್ನು ಮಾಣಿಕಪ್ಪನವರಿಗೆ ಕಾಣಿಕೆಯಾಗಿ ಕಳಿಸಿದ. ನಮ್ಮ ಅಂಗಡಿಯಲ್ಲಿ ಅದು ರಾಜದಂಡದಂತೆ ಬಹಳ ಕಾಲ ನಿಂತಿತ್ತು.

ರಾಜ್ಯ ಬಂತು. ಅಂಗಡಿಗೆ ಓದುವ, ಬರೆಯುವ ಸೂಜಿಯೇ ಇಲ್ಲದ ಹೊಸ ಡಿಸ್ಕುಗಳು ಬಂದವು. ಮಾಣಿಕಪ್ಪನವರು ಕೆಲಸ ಬಿಟ್ಟು ಮೊಗುಡಂಪಲ್ಲಿಯ ಮನೆಗೆ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಆ ಕೋಲು ಊರಿ ನಿಂತಿದ್ದವರನ್ನು ಕೇಳಿದೆ, “ಹೋರಾಟ ಗೆದ್ದಿತಲ್ಲ, ಏನಂತೀರಿ?”

“ಎಲ್ಲಾ ಖರೆ ಮುನ್ಶಿ. ಆದ್ರ ತಾಂಡೂರಿನ ಡಿಸ್ಕಿಗಿ ಒಂದ್ ಪಿಂಚಣಿ ಕೊಡ್ಬೇಕಾಗಿತ್ತು.”

ಬಸ್ಸು ಹೊರಟಿತು. ನನಗೇನನ್ನಿಸಿತೋ, ಕೈಯನ್ನು ಬಾಯಿಯ ಮಗ್ಗುಲಿಗೆ ಹಿಡಿದು ಮೂರು ಸಲ ಕೂಗಿದೆ: “ಮಾಣಿಕಪ್ಪ ಹಾಜಿರ್ ಹೈ?” ಮೂರನೆಯದಕ್ಕೆ ತಿರುವಿನಲ್ಲಿ ಕಿಟಕಿಯಿಂದ ಟೊಪ್ಪಿಗೆ ಹೊರಬಂತು. “ಹಾಜಿರ್!” ಬೀದರ ಬಸ್ಸಿಗೆ ಕಾಯುತ್ತಿದ್ದವರು ಅಭ್ಯಾಸಬಲದಿಂದ ಗಂಟು ಎತ್ತಿಕೊಂಡರು.

ಅವರು ತೀರಿಕೊಂಡ ಸುದ್ದಿಯನ್ನು ತಾಂಡೂರಿಗೆ ಮುಟ್ಟಿಸಿದವನು ನಾನೇ. ರತ್ನಮ್ಮ ಈಗ ಆ ಕಾರ್ಖಾನೆಯ ಕಚೇರಿಯನ್ನೆಲ್ಲ ನೋಡಿಕೊಳ್ಳುತ್ತಾಳೆ. ಕೇಳಿದವಳೇ ಎದ್ದು, ಚಪ್ಪಲಿ ಬಿಟ್ಟು, ಬಾಗಿಲಿಗೆ ಹೋಗಿ ಅವರ ಹೆಸರನ್ನು ಕೂಗಿದಳು. ಇನ್ನೊಮ್ಮೆ ಕೂಗಿದಳು. ಮಶೀನಿನವರು ತಿರುಗಿ ನೋಡಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು ಕೀಲಿಮಣೆಯ ಮುಂದೆ ಕೂತಳು.

“ಮೂರನೇದು?” ಎಂದೆ.

“ಮೂರನೇದ್ ಕೂಗಿದ್ರ ಗೈರ್‌ಹಾಜರ್ ಬರೀಬೇಕಾಗ್ತದ್ರಿ ಮುನ್ಶಿ ಕಾಕಾ” ಎಂದಳು ರತ್ನಮ್ಮ. “ನಾ ಕೂಗಂಗಿಲ್ಲ.”