ಇಡ್ಲಿ ಪಾತ್ರೆಯಲ್ಲಿ ಅಂತರಿಕ್ಷ

ಸಂಜೆ ನಾಲ್ಕೂವರೆಗೆ ನಾನು ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನೋಡುತ್ತೇನೆಂದು ಸಾಗರದ ನಮ್ಮ ಬೀದಿಯವರೆಲ್ಲ ನಂಬಿದ್ದರು. ಹಾಗೆ ನಂಬಿಸಿದವಳು ನಾನೇ. ಗೇಟಿನ ಚಿಲಕ ಸದ್ದಾದ ಕೂಡಲೇ ರಿಮೋಟಿನ ಒಂದು ಗುಂಡಿ ಒತ್ತಿದರೆ ಸಾಕು, ಯಾರೋ ಒಬ್ಬ ಹೆಂಗಸು ಒಗ್ಗರಣೆಗೆ ಸಾಸಿವೆ ಹಾಕುತ್ತಿರುತ್ತಿದ್ದಳು. ಆ ಗುಂಡಿ ಎಲ್ಲಿದೆಯೆಂದು ನನ್ನ ಹೆಬ್ಬೆರಳಿಗೆ ಕತ್ತಲಲ್ಲೂ ಗೊತ್ತು. ಪಕ್ಕದ ಮನೆಯ ಸರೋಜಕ್ಕ ಒಳಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತು ಎಂತ ತೋರ್ಸಿದ್ರು ಶೈಲಾ?" ಎಂದು ಕೇಳುವ ಹೊತ್ತಿಗೆ ನಾನು ಆದರ್ಶ ಗೃಹಿಣಿಯ ಪ್ರತಿಮೆಯಂತೆ ಕೂತಿರುತ್ತಿದ್ದೆ.

ಒಮ್ಮೆ ಹಾಗೆ ಕೇಳಿದಾಗ ಏನೂ ತೋಚದೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹಲಸಿನ ಬೀಜ ಬೇಯಿಸಿ, ರುಬ್ಬಿ, ಬೆಲ್ಲ ಮತ್ತು ಶುಂಠಿ ಸೇರಿಸಿ ಮಾಡುವ ಕಡುಬು ಎಂದೆ. ಅಂಥ ಕಡುಬು ಈ ಲೋಕದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಸರೋಜಕ್ಕ ಅದನ್ನು ಮಾಡಿ, ಬಿಸಿಬಿಸಿಯಾಗಿ ಬಟ್ಟಲಲ್ಲಿ ಹಾಕಿ ತಂದುಕೊಟ್ಟರು. ಬಹಳ ಚೆನ್ನಾಗಿತ್ತು. ಕಾನ್ವೆಂಟಿನಲ್ಲಿ ಓದಿದ ನನಗೆ ಸುಳ್ಳು ಹೇಳಿದರೆ ಗಂಟಲಲ್ಲೇ ಸಿಕ್ಕಿಕೊಳ್ಳುವ ಅಭ್ಯಾಸ. ಅವತ್ತು ಮಾತ್ರ ಅದು ತುಪ್ಪದ ಜೊತೆ ಸಲೀಸಾಗಿ ಇಳಿದುಹೋಯಿತು.

ನಾನು ನಿಜವಾಗಿ ನೋಡುತ್ತಿದ್ದದ್ದು ಅಂತರಿಕ್ಷದ ಧಾರಾವಾಹಿ. ಯಾವುದೋ ದೇಶದಲ್ಲಿ, ಬಹುಶಃ ಯಾರದೋ ಗೋದಾಮಿನಲ್ಲಿ ತಯಾರಾಗಿ, ಕನ್ನಡಕ್ಕೆ ಡಬ್ ಆಗಿ ವಾರಕ್ಕೊಂದು ಕಂತು ಬರುತ್ತದೆ, ಭಾನುವಾರ ಅದೇ ಹೊತ್ತಿಗೆ ಮರುಪ್ರಸಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಹುಡುಕಿ ನೋಡಿ, ಇವಳ ಅಭಿರುಚಿ ಇಷ್ಟೇನಾ ಎಂದುಕೊಳ್ಳುತ್ತೀರಿ. ಒಬ್ಬ ಕ್ಯಾಪ್ಟನ್, ಒಬ್ಬಳು ವೈದ್ಯೆ, ಒಂದು ರೋಬೋಟ್, ಒಂದು ಹಡಗು. ಅವರು ವಾರಕ್ಕೊಂದು ಗ್ರಹಕ್ಕೆ ಇಳಿಯುತ್ತಾರೆ. ಎಲ್ಲ ಗ್ರಹಗಳಲ್ಲೂ ಒಂದೇ ಬಂಡೆ ಇದೆ. ಎಡಭಾಗದಲ್ಲಿ ಆನೆಯ ಬೆನ್ನಿನಂತೆ ಉಬ್ಬಿರುವ ಆ ಬಂಡೆ ಈಗ ನನಗೆ ನೆಂಟರಷ್ಟು ಪರಿಚಯ. ಒಮ್ಮೆ ಕ್ಯಾಪ್ಟನ್ ದಣಿದು ಅದಕ್ಕೆ ಒರಗಿದಾಗ ಬಂಡೆಯೇ ಒಂದು ಗೇಣು ಹಿಂದೆ ಸರಿಯಿತು. ಅವನು ಮಾತ್ರ ಮುಖದ ದಣಿವನ್ನು ಒಂದಿಷ್ಟೂ ಕದಲಿಸಲಿಲ್ಲ.

ಹಡಗಿನ ಕಿಟಕಿಯಾಚೆ ಕಾಣುವ ಆಕಾಶ ಕಪ್ಪು ಬಟ್ಟೆ, ನಕ್ಷತ್ರಗಳು ಅದಕ್ಕೆ ಚುಚ್ಚಿದ ತೂತುಗಳು. ಒಂದು ಕಡೆ ಮಾತ್ರ ನಕ್ಷತ್ರಗಳು ಗೆರೆ ಎಳೆದಂತೆ ಸಾಲಾಗಿ ನಿಂತಿವೆ. ಖಗೋಳ ತಿಳಿದವರು ಅದಕ್ಕೇನು ಕಾರಣ ಕೊಡುತ್ತಾರೋ ಗೊತ್ತಿಲ್ಲ. ಹೊಲಿಗೆ ಮೆಷಿನ್ ತುಳಿಯುವ ನನಗೆ ಕೂಡಲೇ ಗೊತ್ತಾಯಿತು: ಅಗಲ ಸಾಲದೆ ಎರಡು ಬಟ್ಟೆ ಕೂಡಿಸಿ ಹೊಲಿದಿದ್ದಾರೆ, ಹೊಲಿಗೆಯ ತೂತಿನಿಂದ ಬೆಳಕು ಬರುತ್ತಿದೆ. ಕ್ಯಾಪ್ಟನ್‌ನ ಮೇಲಂಗಿ ಮೊದಲು ಕಿಟಕಿಯ ಪರದೆಯಾಗಿತ್ತು. ಅಂಚಿನಲ್ಲಿ ಕೊಕ್ಕೆಯ ಕುಣಿಕೆಗಳನ್ನು ಬಿಚ್ಚಿದ ಗುರುತು ಇನ್ನೂ ಇದೆ. ರೋಬೋಟಿನ ತಲೆಯಂತೂ ಇಡ್ಲಿ ಪಾತ್ರೆಯೇ. ಆ ದೇಶದವರು ಅದರಲ್ಲಿ ಬೇರೇನು ಬೇಯಿಸುತ್ತಾರೋ, ನನಗಂತೂ ಎರಡು ಹಿಡಿ, ಮೇಲೊಂದು ಗುಬುಟಿನ ಮುಚ್ಚಳ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ.

ನಮ್ಮ ಯಜಮಾನರಿಗೆ ಜೋಗದ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಒಂದು ಭಾನುವಾರ ಮರುಪ್ರಸಾರವಾಗುತ್ತಿದ್ದಾಗ ನನ್ನ ಜೊತೆ ಹತ್ತು ನಿಮಿಷ ಕೂತರು. ಹಡಗು ಸ್ಫೋಟವಾಗುವುದರಲ್ಲಿತ್ತು. ವೈದ್ಯೆ ಕೆಂಪು ಗುಂಡಿ ಒತ್ತಲು ಓಡಿದಳು.

"ಅದು ಸ್ಟಾರ್ಟರ್ ಪೆಟ್ಟಿಗೆ ಅಲ್ವೇನೆ?" ಎಂದರು ಇವರು. "ಹಸಿರು ಒತ್ತಿದ್ರೆ ಮೋಟ್ರು ಶುರು, ಕೆಂಪು ಒತ್ತಿದ್ರೆ ನಿಲ್ಲುತ್ತೆ. ಇಷ್ಟಕ್ಕೆ ಯಾಕೆ ಹಿಂಗೆ ಓಡ್ತಾಳೆ?"

"ಬ್ರಹ್ಮಾಂಡ ಉಳಿಸೋಕೆ."

"ಫ್ಯೂಸ್ ತೆಗೆದ್ರೂ ಉಳೀತಿತ್ತು," ಎಂದು ಎದ್ದುಹೋದರು.

ಇದನ್ನೆಲ್ಲ ಕಂಡೂ ಯಾಕೆ ನೋಡುತ್ತೀಯ ಎಂದು ನನ್ನನ್ನೇ ನಾನು ಕೇಳಿಕೊಂಡದ್ದಿದೆ. ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾಗಳು ಅದೇ ಟೀವಿಯಲ್ಲಿ ಬರುತ್ತವೆ. ಅವುಗಳಲ್ಲಿ ಗ್ರಹಗಳು ಸಿಡಿದರೆ ನಮ್ಮ ಮನೆಯ ಕಪಾಟಿನ ಗಾಜು ನಡುಗುತ್ತದೆ. ಆದರೆ ಅಲ್ಲಿ ಎಲ್ಲವನ್ನೂ ಅವರೇ ಮಾಡಿ ಮುಗಿಸಿರುತ್ತಾರೆ, ನನಗೇನೂ ಕೆಲಸ ಉಳಿಸಿರುವುದಿಲ್ಲ. ಮದುವೆಮನೆಗೆ ಹೋಗಿ ಒಂದು ಲೋಟವನ್ನೂ ಎತ್ತಿಡದೆ ಉಂಡು ಬಂದ ಹಾಗಾಗುತ್ತದೆ. ಈ ಬಡ ಹಡಗಿನಲ್ಲಿ ಹಾಗಿಲ್ಲ. ಅವರು ಬಟ್ಟೆ ಕಟ್ಟಿದರೆ ಆಕಾಶವನ್ನು ನಾನು ಮಾಡಿಕೊಳ್ಳಬೇಕು. ಬಂಡೆ ಸರಿದರೆ ಅದನ್ನು ನಾನೇ ತಳ್ಳಿ ಮೊದಲಿನ ಜಾಗಕ್ಕೆ ಇಡಬೇಕು. ಅರ್ಧ ಗಂಟೆ ಮುಗಿಯುವಾಗ ನಾನೂ ಸ್ವಲ್ಪ ದಣಿದಿರುತ್ತೇನೆ.

ಈ ಕಸುಬು ನನಗೆ ಹೊಸದಲ್ಲ. ತೀರ್ಥಹಳ್ಳಿಯ ಕಾನ್ವೆಂಟಿನಲ್ಲಿ ಐದನೆಯ ತರಗತಿಯಲ್ಲಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ನಾನು ನಕ್ಷತ್ರವಾಗಿದ್ದೆ. ಹೆಚ್ಚು ಮಾತಾಡುವ ಹುಡುಗಿಯರಿಗೆ ಮಾತಿಲ್ಲದ ಪಾತ್ರ ಕೊಡುವುದು ನಮ್ಮ ಸಿಸ್ಟರ್ ಅವರ ಶಿಕ್ಷಣ ಪದ್ಧತಿ. ರಟ್ಟಿನ ನಕ್ಷತ್ರಕ್ಕೆ ಅಂಟಿಸಲು ನಾವೆಲ್ಲ ಇಡೀ ವರ್ಷ ಚಾಕಲೇಟಿನ ಬೆಳ್ಳಿ ಕಾಗದ ಕೂಡಿಸಿದ್ದೆವು. ತೊಳೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೇಜಿನ ಮೇಲೆ ನಕ್ಷತ್ರ ಹಿಡಿದು ನಿಂತ ಎರಡೇ ನಿಮಿಷಕ್ಕೆ ಇರುವೆಗಳು ಅದರಿಂದ ನನ್ನ ಕುತ್ತಿಗೆಗೆ ಇಳಿಯತೊಡಗಿದವು. ಪರದೆಯ ಮರೆಯಿಂದ ಸಿಸ್ಟರ್ ಮೆಲ್ಲಗೆ, "ನಕ್ಷತ್ರ ತುರಿಸಿಕೊಳ್ಳೋದಿಲ್ಲ," ಎಂದರು. ತುರಿಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಮಿನುಗಿದ್ದರಿಂದ ನಕ್ಷತ್ರಕ್ಕೆ ಇನ್ನೂ ಕಳೆ ಬಂತೆಂದು ಆಮೇಲೆ ಹೇಳಿದರು. ಹೊಸನಗರದಿಂದ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅಜ್ಜಿ ನನಗೆ ಕೈ ಮುಗಿದರು. ನನಗೋ, ನಕ್ಷತ್ರಕ್ಕೋ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ಕೇಳದ್ದೇ ಒಳ್ಳೆಯದಾಯಿತು.

ಹೀಗೆ ನನ್ನ ಗುಟ್ಟಿನ ಸಂಸಾರ ನೆಮ್ಮದಿಯಿಂದ ಸಾಗುತ್ತಿತ್ತು. ಅಷ್ಟರಲ್ಲಿ ಮಾವ ಬಂದರು. ಕೋಣಂದೂರಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಮಂಡಿಯ ಆಪರೇಷನ್ ಆದಮೇಲೆ ಮೂರು ತಿಂಗಳು ನಮ್ಮಲ್ಲಿರಬೇಕೆಂದು ತೀರ್ಮಾನವಾಯಿತು. ಅವರು ಬಂದದ್ದು ನನಗೆ ಸಂತೋಷವೇ. ಆದರೆ ಕಾಲು ಚಾಚಿ ಕೂರಲು ಸರಿಹೋಗುವ ಒಂದೇ ಕುರ್ಚಿ ಟೀವಿಯ ಎದುರಿಗಿತ್ತು. ಆ ಕುರ್ಚಿಯ ಕೈಮೇಲೆ ರಿಮೋಟಿತ್ತು. ನಾಲ್ಕೂವರೆಗೆ ಸರಿಯಾಗಿ ಸುದ್ದಿ ವಾಹಿನಿಯಲ್ಲಿ ಆರು ಜನ ಒಟ್ಟಿಗೆ ಕೂಗಾಡುವ ಚರ್ಚೆ ಬರುತ್ತದೆ. ಮಾವ ಅದಕ್ಕೆ ಅಂಟಿಕೊಂಡರು.

ಧಾರಾವಾಹಿ ಆಗ ಎಂಥ ಘಟ್ಟದಲ್ಲಿತ್ತೆಂದು ನಿಮಗೆ ಹೇಳಬೇಕು. ಹಡಗು ಕೆಟ್ಟು ಒಂದು ಗ್ರಹದಲ್ಲಿ ಸಿಕ್ಕಿಕೊಂಡಿತ್ತು. ಭಾರ ಇಳಿಸದೆ ಅದು ಮೇಲೇಳುವಂತಿರಲಿಲ್ಲ. ಉಸಿರಾಡಬೇಕಾದ ಅಗತ್ಯವಿಲ್ಲದವನು ತಾನೊಬ್ಬನೇ, ಹಾಗಾಗಿ ಇಲ್ಲೇ ಉಳಿಯುತ್ತೇನೆ ಎಂದು ರೋಬೋಟ್ ಹೇಳಿತ್ತು. ಮುಚ್ಚಳ ಸಣ್ಣಗೆ ನಡುಗುತ್ತಿತ್ತು. ಅಲ್ಲಿಗೆ ಆ ವಾರ ಮುಗಿದಿತ್ತು. ಮುಂದಿನದೂ ಅದರ ಮರುಪ್ರಸಾರವೂ ತಪ್ಪಿದರೆ ಇಡ್ಲಿ ಪಾತ್ರೆಯ ಗತಿ ಏನಾಯಿತೆಂದು ನನಗೆ ತಿಳಿಯುವುದೇ ಇಲ್ಲ. ಫೋನಿನಲ್ಲಿ ಹುಡುಕಿದೆ, ಸಿಗಲಿಲ್ಲ. ಅಷ್ಟು ಬಡ ಧಾರಾವಾಹಿಯನ್ನು ಯಾರು ಫೋನಿಗೆ ಹಾಕುತ್ತಾರೆ? ಮಾವನ ಹತ್ತಿರ ಹೋಗಿ, "ಸ್ವಲ್ಪ ಚಾನೆಲ್ ಬದಲಿಸಿ, ನನ್ನ ರೋಬೋಟ್ ಕಷ್ಟದಲ್ಲಿದೆ," ಎಂದು ಹೇಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು?

ಆದರೂ ಮುಂದಿನ ಕಂತಿನ ದಿನ ಹತ್ತಿರವಾದಂತೆ, ಹಿಂದಿನ ಕಂತಿನ ಮರುಪ್ರಸಾರದ ಹೊತ್ತಿಗೆ, ಕಾಫಿಯ ಜೊತೆ ಚಕ್ಕುಲಿಯನ್ನೂ ಇಟ್ಟು ಕೇಳಿಯೇಬಿಟ್ಟೆ. ಮಾವ ಧಾರಾಳಿಗಳು, ರಿಮೋಟ್ ಕೊಟ್ಟರು. ಐದು ನಿಮಿಷ ಗಂಭೀರವಾಗಿ ನೋಡಿದರು. ಬಂಡೆ ಬಂತು. ಆಕಾಶದ ಹೊಲಿಗೆ ಬಂತು. ರೋಬೋಟ್ ಬಂತು. ಮಾವನ ಹೊಟ್ಟೆ ನಗುವಿಗೆ ಕುಣಿಯತೊಡಗಿತು.

"ಎಂತ ಮಾರಾಯ್ತಿ ಇದು? ರಟ್ಟು, ಬೇಗಡೆ, ಪಾತ್ರೆ. ನಮ್ಮ ಶಾಲೆ ಮಕ್ಕಳು ಇದಕ್ಕಿಂತ ಚಂದ ಮಾಡ್ತಿದ್ವು. ಸಾಮಾನು ತರೋಕೆ ಗತಿ ಇಲ್ದವರು ಅಂತರಿಕ್ಷಕ್ಕೆ ಯಾಕೆ ಹೋಗ್ಬೇಕು?"

ನಾನು ನಕ್ಕೆ. ಚಾನೆಲ್ ಬದಲಿಸಿ ಮಾವನನ್ನು ಆರು ಜನರ ಕೂಗಾಟಕ್ಕೆ ಒಪ್ಪಿಸಿ ಒಳಗೆ ಹೋದೆ. ಬೇಸರವಾಯಿತೆಂದು ಹೇಳಿದರೆ ನಿಮಗೆ ನಗು ಬರಬಹುದು. ಆದರೂ ಆಯಿತು.

ಮರುದಿನ ಬೆಳಿಗ್ಗೆ ಅವರ ಮಂಡಿಗೆ ಎಣ್ಣೆ ಕಾಯಿಸಿ ತಂದಿದ್ದೆ. ಮಾವ ಹಳೆಯ ತಾಳಮದ್ದಳೆಯ ಸುದ್ದಿ ತೆಗೆದರು. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ, ದೂರದವರಿಗಾಗಿ ಹೇಳುತ್ತೇನೆ: ಯಕ್ಷಗಾನದ್ದೇ ಕಥೆ, ಅದರದ್ದೇ ಹಾಡು, ಆದರೆ ವೇಷವಿಲ್ಲ, ಕುಣಿತವಿಲ್ಲ. ಅರ್ಥ ಹೇಳುವವರು ಪಂಚೆ ಶರ್ಟಿನಲ್ಲಿ ಚಾಪೆಯ ಮೇಲೆ ಕೂತು, ಬರೀ ಮಾತಿನಲ್ಲಿ ಯುದ್ಧ ಮಾಡುತ್ತಾರೆ, ರಾಜ್ಯ ಗೆಲ್ಲುತ್ತಾರೆ, ಶಾಪ ಕೊಡುತ್ತಾರೆ. ಮಾವ ಆ ಸುತ್ತಿನಲ್ಲಿ ಹೆಸರು ಮಾಡಿದ ಅರ್ಥಧಾರಿ.

"ಹೊಸನಗರದ ಹತ್ರ ಒಂದು ಮನೇಲಿ ನಂದು ಹನುಮಂತ," ಎಂದರು. "ಸಮುದ್ರ ಹಾರೋ ಸಂದರ್ಭ. ಅರ್ಧ ಗಂಟೆ ಹಾರಿದೀನಿ ನೋಡು. ಕೆಳಗೆ ತಿಮಿಂಗಿಲ, ಮೇಲೆ ಗಾಳಿ, ಎದುರಿಗೆ ಲಂಕೆಯ ದೀಪ. ಜನ ಉಸಿರು ಬಿಗಿಹಿಡಿದು ಕೂತಿದ್ರು. ಆವಾಗ್ಲೇ ಈ ಮಂಡಿ ಕೈಕೊಟ್ಟಿತ್ತು. ಪ್ರಸಂಗ ಮುಗಿದ ಮೇಲೆ ನನ್ನ ಚಾಪೆಯಿಂದ ಎಬ್ಬಿಸೋಕೆ ಇಬ್ಬರು ಬೇಕಾಯ್ತು."

ನಾನು ಎಣ್ಣೆ ತಿಕ್ಕುತ್ತಿದ್ದೆ. ವಾದ ಮಾಡಬೇಕೆಂದು ಇರಲಿಲ್ಲ. ಸುಮ್ಮನೆ ಕೇಳಿದೆ. "ಸಮುದ್ರ ಎಲ್ಲಿತ್ತು ಮಾವ?"

"ಎಲ್ಲಿತ್ತು ಅಂದ್ರೆ? ಎದುರಿಗೇ ಇತ್ತು. ಜನ ಕೂತಿದ್ರಲ್ಲ, ಅಲ್ಲಿ."

"ಬಟ್ಟೆ ಗಿಟ್ಟೆ ಕಟ್ಟಿದ್ರಾ, ನೀಲಿದು?"

"ಬಟ್ಟೆ ಯಾಕೆ? ನಾನು ಹೇಳ್ತಿದ್ನಲ್ಲ..." ಎಂದವರು ಅಲ್ಲಿಗೆ ನಿಲ್ಲಿಸಿದರು. ನನ್ನ ಮುಖ ನೋಡಿದರು. ಕೊನೆಗೆ, "ಎಣ್ಣೆ ಸ್ವಲ್ಪ ಬಿಸಿ ಜಾಸ್ತಿ ಆಯ್ತು," ಎಂದರು. ಎಣ್ಣೆ ಅಷ್ಟರಲ್ಲಿ ಆರಿತ್ತು.

ಧಾರಾವಾಹಿಯ ದಿನ ನಾಲ್ಕೂ ಇಪ್ಪತ್ತೈದಕ್ಕೆ ಒಳಗಿದ್ದ ನನ್ನನ್ನು ಮಾವ ಕೂಗಿದರು. "ಶೈಲಾ, ನಿನ್ನ ಜನ ಬರೋ ಹೊತ್ತಾಯ್ತು." ಹೋಗಿ ನೋಡಿದರೆ ಚಾನೆಲ್ ಆಗಲೇ ಬದಲಾಗಿತ್ತು, ಶಾಲು ಹೊದ್ದು ನೆಟ್ಟಗೆ ಕೂತಿದ್ದರು. ಶುರುವಾಯಿತು. ಗ್ರಹದ ರಾಜ ಬಂದು, "ಎಲೈ ಭೂಲೋಕದ ಮಾನವನೇ, ನಿನ್ನ ಆಗಮನದ ಉದ್ದೇಶವನ್ನು ಅರುಹುವಂಥವನಾಗು," ಎಂದ. ಡಬ್ಬಿಂಗ್‌ನವರ ಕನ್ನಡ ಯಾವಾಗಲೂ ಹೀಗೆ. ಎಷ್ಟೋ ಜ್ಯೋತಿರ್ವರ್ಷ ದೂರದವರು ನಮ್ಮ ಮನೆಯವರಿಗಿಂತ ಶುದ್ಧವಾಗಿ ಮಾತಾಡುತ್ತಾರೆ. ನನಗೆ ಅದು ತಮಾಷೆ. ಮಾವನ ಬೆನ್ನು ಮಾತ್ರ ಕುರ್ಚಿಯಿಂದ ಮುಂದೆ ಬಂತು.

"ಪೀಠಿಕೆ ಪರವಾಗಿಲ್ಲ," ಎಂದರು. "ಆದ್ರೆ ಇವ ಉತ್ತರ ಕೊಡೋಕೆ ತಡ ಮಾಡ್ತಾ ಇದಾನೆ. ಎದುರಾಳಿಗೆ ಅಷ್ಟು ಜಾಗ ಬಿಡಬಾರ್ದು."

ಅಂಗಡಿಗೆ ಏನನ್ನೋ ಒಯ್ಯಲು ಬಂದಿದ್ದ ಇವರು ಬಾಗಿಲಲ್ಲೇ ನಿಂತು, "ಹಡಗಿಗೆ ಕಟ್ಟಿದ ದಾರ ಕಾಣ್ತಾ ಇದೆ ಅಪ್ಪಯ್ಯ," ಎಂದರು.

ಮಾವ ತಿರುಗಲೂ ಇಲ್ಲ. "ದಾರ ನೋಡೋನಿಗೆ ದಾರ ಕಾಣುತ್ತೆ. ಹೋಗು, ನಿನ್ನ ಮೋಟ್ರು ನೋಡ್ಕೋ."

ಆ ಹೊತ್ತಿಗೆ ಸರಿಯಾಗಿ ಗೇಟಿನ ಚಿಲಕ ಸದ್ದಾಯಿತು. ಸರೋಜಕ್ಕ. ನನ್ನ ಹೆಬ್ಬೆರಳು ತಾನಾಗಿ ಎದ್ದಿತು, ಆದರೆ ರಿಮೋಟ್ ಇದ್ದದ್ದು ಮಾವನ ಶಾಲಿನ ಕೆಳಗೆ. ಕೇಳಿದರೆ, "ಈಗ ಎಂತ ಬದಲಾಯಿಸೋದು, ಅವ ಒಬ್ಬನೇ ಉಳೀತಾ ಇದಾನೆ," ಎಂದರು. ಸಾಸಿವೆ ಹಾಕುವ ಹೆಂಗಸಿನ ರಕ್ಷಣೆ ನನಗೆ ಸಿಗಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಇಡ್ಲಿ ಪಾತ್ರೆಯ ರೂಪದಲ್ಲಿ ಪರದೆಯ ತುಂಬ ನಿಂತಿತ್ತು. ಸರೋಜಕ್ಕ ಹೊಸ್ತಿಲಲ್ಲಿ ನಿಂತು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

ಇದು ಪಾತ್ರೆಯಲ್ಲವಾ ಎಂದು ಈಗ ಕೇಳುತ್ತಾರೆಂದು ನಾನು ಕಾದೆ. ಹಡಗು ಮೇಲೇರಿತು. ಬಂಡೆಯ ಪಕ್ಕ ರೋಬೋಟ್ ಒಂದೇ ನಿಂತು ಕೈ ಎತ್ತಿತು. ಸರೋಜಕ್ಕ ಹಾಗೇ ಮೋಡದ ಮೇಲೆ ಕೂರುವವರಂತೆ ಮೆಲ್ಲಗೆ ಮಣೆಯ ಮೇಲೆ ಕೂತರು.

"ಪಾಪ, ರಾತ್ರಿ ಆದ್ರೆ ಅದಕ್ಕೆ ಹೆದ್ರಿಕೆ ಆಗಲ್ವಾ?" ಎಂದರು.

ಮಾವ, "ಆಗುತ್ತೆ. ಹೇಳ್ಕೊಳೋದಿಲ್ಲ ಅಷ್ಟೇ," ಎಂದರು.

ನೋಡಲು ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟೇ. ಪಾತ್ರೆಗೆ ಕತ್ತಲೆಯ ಭಯವಾದೀತೆಂದು ಒಬ್ಬ ಹೆಂಗಸು ಚಿಂತಿಸುವಷ್ಟನ್ನು ಆ ಧಾರಾವಾಹಿಯವರು ಮಾಡಿದ್ದರು. ಅದಕ್ಕೆ ಎಷ್ಟು ಖರ್ಚಾಯಿತೋ ನಾನು ಕೇಳಲಾರೆ.

ಅಂದು ಕಂತು ಮುಗಿದ ಮೇಲೆ ಸರೋಜಕ್ಕನ ಎದುರು ಎಲ್ಲ ಒಪ್ಪಿಕೊಂಡುಬಿಟ್ಟೆ. ಅಡುಗೆ ಕಾರ್ಯಕ್ರಮ ನಾನು ಒಂದು ದಿನವೂ ನೋಡಿಲ್ಲ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾದ್ರೆ ಆ ಹಲಸಿನ ಬೀಜದ ಕಡುಬು ಯಾವ ಗ್ರಹದ್ದೆ?"

ಮೂವರೂ ನಕ್ಕೆವು. ಮಾವ ಮಂಡಿ ಹಿಡಿದುಕೊಂಡು ನಕ್ಕರು. ಕಾಫಿಗೆ ನೀರಿಡಲು ನಾನು ಒಳಗೆ ಹೋದಾಗ ಬೆಳಿಗ್ಗೆ ತೊಳೆದು ಮುಚ್ಚಿಟ್ಟಿದ್ದ ಇಡ್ಲಿ ಪಾತ್ರೆ ಒಲೆಗೆ ಅಡ್ಡವಾಗಿತ್ತು. ಎರಡು ಹಿಡಿ, ಮೇಲೊಂದು ಗುಬುಟಿನ ಮುಚ್ಚಳ. "ಸ್ವಲ್ಪ ಸರೀರಿ," ಎಂದು ಹೇಳಿ, ಮೆಲ್ಲಗೆ ಎತ್ತಿ, ಕಿಟಕಿಯ ಬೆಳಕು ಬೀಳುವ ಕಡೆಗೆ ಇಟ್ಟೆ.