ಎಣ್ಣೆಟಾಕಿಯ ಹಣೆಗೆ ವಿಭೂತಿ

ವಿಲಾಯತಿ ಡೀಸೆಲ್ ರೈಲು ಎಂಜಿನ್ನುಗಳ ಬಗ್ಗೆ ನನ್ನ ಗಂಡನಿಗೆ ತಿಳಿಯದ್ದು ಇರಲಿಲ್ಲ. ಕಣ್ಣಾರೆ ಮಾತ್ರ ಒಂದನ್ನೂ ಕಂಡಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ಇಂಡಿ ಸ್ಟೇಷನ್ನಿಗೆ ಬರುತ್ತಿದ್ದದ್ದು ಕಲ್ಲಿದ್ದಲಿನ ಕರಿ ಎಂಜಿನ್ನು. ಅದನ್ನು ನೋಡಿದರೆ ಇವರು ಮುಖ ತಿರುವುತ್ತಿದ್ದರು. ಸೊಲ್ಲಾಪುರದ ರದ್ದಿ ಅಂಗಡಿಯಿಂದ ತಂದ ಇಂಗ್ಲಿಷ್ ಮಾಸಿಕಗಳ ಚಿತ್ರ ಕತ್ತರಿಸಿ, ಹಿಟ್ಟಿನ ಅಂಟಿನಿಂದ ನಮ್ಮ ಗಿರಣಿಯ ಗೋಡೆಗೆ ಮೆತ್ತಿದ್ದರು. ಹಿಟ್ಟು ನನ್ನ ಡಬ್ಬಿಯದು.

ರವಿವಾರ ಬಸವನ ಬಾಗೇವಾಡಿಯಿಂದ ಇದೇ ಹುಚ್ಚಿನ ಮಾಸ್ತರರೊಬ್ಬರು ಬಸ್ಸು ಹಿಡಿದು ಬರುತ್ತಿದ್ದರು. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸಲು ವಿದ್ಯುತ್ ಮೋಟಾರು ಮೇಲೋ, ಎಣ್ಣೆಯ ಒತ್ತಡದ ಗೇರುಪೆಟ್ಟಿಗೆ ಮೇಲೋ ಎಂಬುದು ಅವರ ಮುಗಿಯದ ಜಗಳ.

“ಎಣ್ಣಿ ಗೇರು ಹಗುರ ಇರ್ತೈತ್ರಿ.”

“ಹಗುರ ಇದ್ದು ಏನ್ ಮಾಡೂದು ಮಾಸ್ತರ? ಕೆಟ್ರ ಬಿಚ್ಚಾವ್ರು ಯಾರು?”

ಇವರಿಬ್ಬರ ತೀರ್ಪಿಗಾಗಿ ಲಂಡನ್ನಿನ ರೈಲುಗಳು ಕಾದು ನಿಂತಿದ್ದವೋ ಏನೋ. ನಾನು ಮೂರನೆಯ ಸಲ ಚಹಾ ಕಾಸುತ್ತಿದ್ದೆ.

ಒಮ್ಮೆ ಇವರು ಅಡುಗೆಮನೆಗೇ ಬಂದು, ಒಲೆಯ ಮೂರು ಗುಂಡು ತೋರಿಸಿ ವಿಲಾಯತಿಯ ಒಂದು ಹೊಸ ರೈಲು ಎಂಜಿನ್ನಿನ ಪಾಠ ಮಾಡಿದರು. “ಒಂದೊಂದು ಗುಂಡಿನ ಜಾಗಾದಾಗ ಒಂದೊಂದು ಕ್ರ್ಯಾಂಕು. ಗುಂಡಿನಿಂದ ಗುಂಡಿಗೆ ಸಿಲಿಂಡರು. ಒಂದೊಂದರಾಗ ಎರಡು ಪಿಸ್ಟನ್, ಎದುರಾಬದುರಾ. ಹದಿನೆಂಟು ಸಿಲಿಂಡರು, ಮೂವತ್ತಾರು ಪಿಸ್ಟನ್. ಸಿಲಿಂಡರಿಗೆ ತಲಿನ ಇಲ್ಲ ನೋಡು ಅದರಾಗ.”

“ತಲಿ ಇಲ್ದಾವು ನಮ್ಮನ್ಯಾಗೂ ಅದಾವ, ಅತ್ತಾಗ ಸರೀರಿ. ಅನ್ನ ಸೀಯಾಕತ್ತೈತಿ,” ಅಂದೆ.

ಮಗಳ ನಿಶ್ಚಯಕ್ಕೆ ಮುದ್ದೇಬಿಹಾಳದಿಂದ ಬೀಗರು ಬರುವ ಹಿಂದಿನ ದಿನ ಇವರ ವಿದ್ಯೆ ಬಯಲಾಯಿತು. ಅದರ ಮುನ್ನಾದಿನ ಅಮಾವಾಸ್ಯೆ. ಅಂದು ಗಿರಣಿ ಬಂದ್. ಎಂಜಿನ್ನಿಗೆ ಮೈತೊಳೆದು ಪೂಜೆ. ಅದೂ ವಿಲಾಯತಿಯದೇ, ಒಂದೇ ಸಿಲಿಂಡರಿನದು. ಪೂಜೆಯ ದಿನ ಇವರು ಅದನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮರುದಿನ ರವಿವಾರ. ನಮ್ಮ ಜೋಳದ ಚೀಲ ಗಿರಣಿಗೆ ಹೋಯಿತು. ನೂರಾರು ರೊಟ್ಟಿ ಬಡಿಯಬೇಕು. ಎಂಜಿನ್ನು ತುಸು ಹೊತ್ತು ಓಡಿ ಉಸಿರು ಬಿಟ್ಟಿತು. ಇವರು ಟಾಕಿಯ ಮುಚ್ಚಳ ತೆಗೆದು ನೋಡಿದರು, ಎಣ್ಣೆ ಇತ್ತು. ಮುಚ್ಚಿ ಮತ್ತೆ ಹಚ್ಚಿದರೆ ಓಡಿತು, ಮತ್ತೆ ನಿಂತಿತು.

“ಇಂಜೆಕ್ಟರ್,” ಎಂದರು ಇವರು.

“ಪಂಪು,” ಎಂದರು ಮಾಸ್ತರರು.

ನಾನು ತೊಳೆದಿಟ್ಟ ದುಪ್ಪಟಿಯ ಮೇಲೆ ಎರಡನ್ನೂ ಬಿಚ್ಚಿ ಹರವಿದರು. ಗಿರಣಿ ನಡೆಸುವ ಚಾಚಾ ಮಾತ್ರ, “ಮೊನ್ನಿತನಕಾ ಛಲೋ ಇತ್ತಲ್ರಿ ಸಾವಕಾರ್ರ. ನಿನ್ನಿ ಏನ್ ಮಾಡೀರಿ, ಅದನ್ನ ನೋಡ್ರಿ,” ಎಂದ.

“ಪೂಜಿ ಮಾಡೇವಿ. ಪೂಜಿಯಿಂದ ಎಂಜಿನ್ ಕೆಡ್ತೈತೇನೋ?”

ಸಾಲಿನಲ್ಲಿದ್ದ ಹೆಂಗಸರು ಬುಟ್ಟಿ ಹೊತ್ತು ಇನ್ನೊಂದು ಗಿರಣಿಗೆ ನಡೆದರು. ನಾವು ಹಾಗೆ ಹೋಗುವಂತಿಲ್ಲ. ಗಿರಣಿಯವರ ಮನೆಯ ಜೋಳ ಬೇರೆಯವರ ಗಿರಣಿಯಲ್ಲಿ ಬೀಸಿಕೊಂಡು ಬಂತೆಂದರೆ ಬೀಗರು ಬಂದಿಳಿಯುವ ಮೊದಲೇ ಅವರ ಕಿವಿಗೆ ಬೀಳುತ್ತಿತ್ತು. ಅತ್ತೆ ಬೀಸುಕಲ್ಲು ಹೊರಗೆ ಎಳೆಸಿದರು. ರಾತ್ರಿಯೆಲ್ಲ ಬೀಸಿದರೂ ಮುಗಿಯುವ ಜೋಳವಲ್ಲ ಅದು.

ಪಲ್ಯಕ್ಕೆಂದು ಕುಸುಬಿ ಎಣ್ಣೆಯ ಹೊಸ ಡಬ್ಬಿಗೆ ಮೊಳೆ ಹೊಡೆದು ಬಗ್ಗಿಸಿದೆ. ಎರಡು ಗುಟುಕು ಎಣ್ಣೆ ಬಿದ್ದು ನಿಂತಿತು. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಹೊಡೆಯುವುದನ್ನು ಅವಸರದಲ್ಲಿ ಮರೆತಿದ್ದೆ. ಮೊಳೆ ಕೈಯಲ್ಲಿ ಹಿಡಿದುಕೊಂಡೇ ಗಿರಣಿಗೆ ನಡೆದೆ.

ಟಾಕಿಯ ಮುಚ್ಚಳ ಎಂಜಿನ್ನಿನ ಎಲ್ಲಕ್ಕಿಂತ ಎತ್ತರದ ಜಾಗ; ಅದೇ ಹಣೆಯೆಂದು ಇವರು ವಿಭೂತಿ ನೆನೆಸಿ, ಬೀಗರು ಬರುವರೆಂದು ಈ ಸಲ ಮೂರು ಪಟ್ಟೆ ದಪ್ಪಗೆ ಬಳಿದಿದ್ದರು. ನಡುವಿನ ಪಟ್ಟೆಯ ಕೆಳಗೆ ಗಾಳಿಯ ಕಿಂಡಿ ಮುಚ್ಚಿಹೋಗಿತ್ತು. ಮೊಳೆ ದಪ್ಪವಾಯಿತು; ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಚುಚ್ಚಿದೆ. ಟಾಕಿ ಸುಯ್ಯೆಂದು ಗಾಳಿ ಎಳೆದುಕೊಂಡಿತು.

“ಜೋಡಸ್ರಿ ಇನ್ನ,” ಅಂದೆ.

ಬಿಚ್ಚಿದ್ದನ್ನೆಲ್ಲ ಚಾಚಾನೇ ಜೋಡಿಸಿದ. ಹೊತ್ತು ಮುಳುಗುವುದರೊಳಗೆ ಹಿಟ್ಟು ಮನೆಗೆ ಬಂತು.

ಮರುದಿನ ಊಟದ ಪಂಕ್ತಿಯಲ್ಲಿ ಇವರು ಬೀಗರಿಗೆ ವಿವರಿಸುತ್ತಿದ್ದರು: “ಟಾಕ್ಯಾಗ ನಿರ್ವಾತ ಆಗಿತ್ರಿ. ವಿಲಾಯತಿ ಎಂಜಿನ್ನಿನ ಸೂಕ್ಷ್ಮ ಅದು. ತಿಳದಾವ್ರಿಗಷ್ಟ ಸಿಗ್ತೈತಿ.”

ಬೀಗರು ತಲೆ ಎತ್ತಲಿಲ್ಲ. “ಅದಿರ್ಲಿ ಬಿಡ್ರಿ. ರೊಟ್ಟಿ ಭಾಳ ಮೆತ್ತಗ ಆಗ್ಯಾವ. ಇನ್ನೊಂದು ಬರ್ಲಿ ತಂಗಿ.”

ಅವರಿಗೆ ಎರಡು ಹಾಕಿದೆ. ಇವರ ತಾಟು ಖಾಲಿಯಾಗಿತ್ತು. ದಾಟಿ ಮುಂದಿನವರಿಗೆ ಬಡಿಸಿದೆ.