ಮೇಲಿನ ಸಾಲಿನ ಕಮಾನುಗಳು

ಆರು ವರ್ಷದ ಹಿಂದೆ ಯಲಹಂಕದ ಹಳೆಯ ಇಟ್ಟಿಗೆ ಕಟ್ಟಡವೊಂದರ ದುರಸ್ತಿಗೆ ನಾನು ಮೇಸ್ತ್ರಿಯಾಗಿದ್ದೆ. ಓದಿದ್ದು ಐದನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.

ಬ್ರಿಟಿಷರ ಕಾಲದ ಎರಡಂತಸ್ತಿನ ಮನೆ ಅದು. ನಡುವೆ ಬಾಗಿಲು, ಎರಡೂ ಬದಿಗೆ ಒಂದೇ ಅಳತೆಯ ಕಿಟಕಿಗಳು, ಪ್ರತಿ ಕಿಟಕಿಯ ಮೇಲೂ ಬೆಣೆಯಂತೆ ಕೆತ್ತಿದ ಇಟ್ಟಿಗೆಯ ಕಮಾನು. ಕೆಳಗೆ ಬಟ್ಟೆ ಅಂಗಡಿ, ಮೇಲೆ ಆಫೀಸು ಬರುವುದಿತ್ತು. ಸಂರಕ್ಷಿತ ಕಟ್ಟಡವಾದ್ದರಿಂದ ಇಟ್ಟಿಗೆಯ ಸಂದುಗಳಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಹಳೆಯ ಇಟ್ಟಿಗೆ ಮೆತ್ತಗೆ. ಅದು ಕುಡಿದ ನೀರು ಸಂದಿನಿಂದ ಆರಿಹೋಗಬೇಕು. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚಿ, ಇಟ್ಟಿಗೆಯ ಮುಖ ಸಿಪ್ಪೆಯಂತೆ ಏಳುತ್ತದೆ.

ಇದು ನನ್ನ ತಮ್ಮ ನಾಗರಾಜನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ ಹದಮಾಡುವವನು ಅವನೇ. ಅಂಗಡಿಯವರು ಆತುರಪಟ್ಟರೆ, "ಇನ್‌ಸ್ಟಂಟ್ ಕಾಫಿ ಅಲ್ಲ ಕಣ್ರೀ ಇದು" ಎಂದು ನಗುತ್ತಿದ್ದ.

ಅವನ ಮಾವ ತೀರಿಕೊಂಡು ಅವನು ಟಿ. ದಾಸರಹಳ್ಳಿಗೆ ಹೋದಾಗ ಹದವಾದ ಸುಣ್ಣ ಮುಗಿಯಿತು. ಮೇಲಿನ ಸಾಲಿನ ಕಮಾನುಗಳು ಬಾಕಿ ಇದ್ದವು. ಅಂಗಡಿಯ ಪೂಜೆಗೆ ನಾಲ್ಕೇ ದಿನ. ಬಿಳಿ ಸಿಮೆಂಟಿಗೆ ಇಟ್ಟಿಗೆ ಪುಡಿ ಬೆರೆಸಿ, ಬಣ್ಣ ಹೊಂದಿಸಿ ತುಂಬಿಬಿಟ್ಟೆ. ತಮ್ಮ ಬರುವಷ್ಟರಲ್ಲಿ, ಮೇಲೆ ಹತ್ತಿ ನಿಲ್ಲಲು ಕಟ್ಟಿದ್ದ ಸಾರುವೆ ಬಿಚ್ಚಿಸಿದ್ದೆ.

ಎರಡು ಮಳೆಗಾಲ ಕಳೆದವು. ಕಮಾನಿನ ಚೂರೊಂದು ಅಂಗಡಿಯ ಬಾಗಿಲ ಮುಂದೆ ಬಿತ್ತು. ಸಂರಕ್ಷಣೆ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಮೇಡಂ ಏಣಿ ಹತ್ತಿ, ಸಂದುಗಳನ್ನು ಕೆರೆದು ನೋಡಿ, ನಮ್ಮಿಬ್ಬರನ್ನೂ ಕರೆಸಿದರು.

"ಸಿಮೆಂಟ್ ಹಾಕಿದ್ದು ಯಾರು?"

"ಗಾರೆ ಎಲ್ಲಾ ನಮ್ ತಮ್ಮಂದೇ ಮೇಡಂ" ಎಂದೆ.

ನಾಗರಾಜ ನನ್ನ ಮುಖ ನೋಡಿದ. ಅಲ್ಲ ಎನ್ನಲಿಲ್ಲ. ಆಮೇಲೆ ಹಳೆಯ ಕಟ್ಟಡದ ಕೆಲಸಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ನನ್ನನ್ನು ಕರೆದರು. ನಾನು ಹೋದೆ.

ಈಗ ಮಂಡಿ ಸವೆದಿದೆ, ಏಣಿ ಹತ್ತಲಾರೆ. ಹೋದ ತಿಂಗಳು ಹೆಬ್ಬಾಳದ ಅಪಾರ್ಟ್‌ಮೆಂಟ್ ಒಂದರಲ್ಲಿ ಟೈಲ್ಸ್ ಕೂರಿಸುತ್ತಿದ್ದ ತಮ್ಮನ ಬಳಿಗೆ ಹೋಗಿ ನಿಜ ಹೇಳಿದೆ.

"ನನ್ ಗಾರೆ ಯಾವ್ದು ಅಂತ ನಂಗೆ ಗೊತ್ತಾಗಲ್ವೇನಣ್ಣ? ಅವತ್ತೇ ಗೊತ್ತಾಯ್ತು."

"ಮತ್ಯಾಕೋ ಸುಮ್ನಿದ್ದೆ?"

"ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ."

"ಮೇಡಂಗೆ ಹೇಳ್ತೀನಿ ಕಣೋ. ಮತ್ತೆ ಸುಣ್ಣದ ಕೆಲಸಕ್ಕೆ ಬಾ."

"ಹೇಳೋದಾದ್ರೆ ಹೇಳು. ನಾನ್ ಬರಲ್ಲ. ಸಾಕಾಗೋಗಿದೆ ಕಣಣ್ಣ" ಎಂದು ಅವನು ಮುಂದಿನ ಟೈಲ್ಸ್ ಎತ್ತಿಕೊಂಡ.

ಮಾರನೆಯ ದಿನ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೆಟ್ಟ ಕೆಲಸವನ್ನು ಕೆರೆದು ತೆಗೆದು ಮತ್ತೆ ಮಾಡಬಹುದು. ಯಾರು ಮಾಡಿದ್ದೆಂದು ಕೇಳಿದಾಗ ಮಾತ್ರ ನಿಂತ ಜಾಗದಲ್ಲೇ ನಿಜ ಹೇಳಬೇಕು. ನಾನು ಹೇಳುವಷ್ಟರಲ್ಲಿ ತಮ್ಮನಿಗೆ ಅದು ಬೇಡವಾಗಿತ್ತು.